ಕರುಳಿನ ಬೇನೆಗೆ ಮದ್ದುಂಟು, ಮನಸ್ಸಿನ ಬೇನೆಗೆ ಫೋನುಂಟು

ಹೈದರಾಬಾದ್: ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಸಮಾರಂಭಕ್ಕೆ ಬಂದು ಬಾಗಿಲ ಬಳಿಯೇ ಕೂರುವವರನ್ನು ಬಿಗುಮಾನದವರೆಂದು ತಿಳಿಯಬೇಕಿಲ್ಲ. ಕೆಲವರಿಗೆ ಶೌಚಾಲಯ ಹತ್ತಿರವಿರಲೇಬೇಕು. ಅಲ್ಸರೇಟಿವ್ ಕೊಲೈಟಿಸ್, ಕ್ರೋನ್ಸ್ ಎಂಬ ದೀರ್ಘಕಾಲದ ಕರುಳಿನ ಉರಿಯೂತ ಇರುವವರ ಪಾಡಿದು.

ರೋಗ ಉಲ್ಬಣಿಸಿದಾಗ ದಿನಕ್ಕೆ ಎಂಟು-ಹತ್ತು ಬಾರಿ ಭೇದಿ, ರಕ್ತ, ಹೊಟ್ಟೆನೋವು, ಸುಸ್ತು. ಮದುವೆ ಊಟ ಬೇಡ, ಬೀದರಿನ ಬಸ್ಸೂ ಬೇಡ ಎನ್ನುವ ಸ್ಥಿತಿ. ಮೂಲವ್ಯಾಧಿ ಎಂದುಕೊಂಡು ವರ್ಷಗಟ್ಟಲೆ ಮುಚ್ಚಿಡುವವರೂ ಇದ್ದಾರೆ. ವಧು-ವರರ ಮಾತುಕತೆಯಲ್ಲಂತೂ ಇದರ ಸುದ್ದಿಯೇ ಇಲ್ಲ.

ಹೊಟ್ಟೆಯ ಚಿಕಿತ್ಸೆಗೆ ಭಾಗ್ಯನಗರದಲ್ಲಿ ಕೊರತೆಯಿಲ್ಲ. 2025ರಲ್ಲಿ ಪದ್ಮವಿಭೂಷಣ ಪಡೆದ ಡಾ. ಡಿ. ನಾಗೇಶ್ವರ ರೆಡ್ಡಿ ಅವರು ಕಟ್ಟಿದ ಎಐಜಿ ಆಸ್ಪತ್ರೆ ಇಲ್ಲಿಯೇ ಇದೆ. ಆದರೆ ಕರುಳಿಗೂ ಮಿದುಳಿಗೂ ನರಗಳ ನಂಟು. ಉರಿಯೂತ ಮನಸ್ಸನ್ನು ಕುಗ್ಗಿಸುತ್ತದೆ, ಕುಗ್ಗಿದ ಮನಸ್ಸು ಹೊಟ್ಟೆಯನ್ನು ಮತ್ತಷ್ಟು ಕಾಡುತ್ತದೆ. ಆತಂಕ, ಖಿನ್ನತೆ ಈ ರೋಗಿಗಳಲ್ಲಿ ಇತರರಿಗಿಂತ ಹೆಚ್ಚು.

ಮನೋವೈದ್ಯರ ಮೆಟ್ಟಿಲೇರಲು ಸಂಕೋಚಪಡುವವರಿಗೆ ಟೆಲಿ ಮಾನಸ್ ಇದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಆರಂಭಿಸಿದ ಈ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಉಚಿತ. ಕನ್ನಡ, ತೆಲುಗು ಸೇರಿ 20 ಭಾಷೆಗಳಲ್ಲಿ ಲಭ್ಯ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. 2024ರಲ್ಲಿ ಮೊಬೈಲ್ ಆ್ಯಪ್ ಕೂಡ ಬಂದಿದೆ. ಕರುಳಿನ ರೋಗಿಗಳಿಗೆಂದೇ ರೂಪಿಸಿದ್ದಲ್ಲ, ನಿಜ. ಮುಖ ತೋರಿಸದೆ ತಾಯ್ನುಡಿಯಲ್ಲಿ ಹೇಳಿಕೊಳ್ಳಬಹುದು ಎಂಬುದೇನು ಸಣ್ಣ ಸಂಗತಿಯೇ?

ಕರೆ ಮಾಡಿದಾಗ ರೋಗದ ಹೆಸರು, ಸೇವಿಸುವ ಔಷಧ ತಿಳಿಸುವುದು ಒಳಿತು. ಸ್ಟಿರಾಯ್ಡ್ ಮಾತ್ರೆಯೂ ಕೆಲವರ ನಿದ್ದೆ, ಮನಃಸ್ಥಿತಿ ಕೆಡಿಸುವುದುಂಟು. ಹಾಗೆಂದು ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸುವಂತಿಲ್ಲ.