ಜ್ವರದ ಸೆಳೆತ: ಮುಷ್ಟಿಗೆ ಕೀಲಿಕೈ ಬೇಡ, ರಕ್ತಕ್ಕೆ ಕಬ್ಬಿಣ ಬೇಕು

ಕಂಪ್ಲಿ, ಹೊಸಪೇಟೆ ಕಡೆಯ ಯಾವ ಮನೆಯಲ್ಲಾದರೂ ನಡೆಯಬಹುದಾದ ಸಂಗತಿಯಿದು. ಸಂಜೆ ಮೈ ಬೆಚ್ಚಗಿದ್ದ ಒಂದೂವರೆ ವರ್ಷದ ಕೂಸು ನಡುರಾತ್ರಿ ಸೆಟೆದುಕೊಳ್ಳುತ್ತದೆ. ಕಣ್ಣುಗುಡ್ಡೆ ಮೇಲೇರಿ, ಹಲ್ಲು ಕಚ್ಚಿಕೊಂಡು, ಕೈಕಾಲು ಅದುರತೊಡಗುತ್ತವೆ. ಅಜ್ಜಿ ಕೀಲಿಕೈ ತಂದು ಮುಷ್ಟಿಗೆ ತುರುಕುತ್ತಾಳೆ. ಇನ್ನೊಬ್ಬರು ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿಯುತ್ತಾರೆ. ಎರಡು ನಿಮಿಷಕ್ಕೆ ಸೆಳೆತ ನಿಲ್ಲುತ್ತದೆ.

ನಿಂತದ್ದು ಕೀಲಿಕೈಯಿಂದಲ್ಲ, ತಾನಾಗಿಯೇ.

6 ತಿಂಗಳಿಂದ 5 ವರ್ಷದೊಳಗಿನ ನೂರು ಮಕ್ಕಳಲ್ಲಿ 2ರಿಂದ 5 ಮಕ್ಕಳಿಗೆ ಹೀಗೆ ಜ್ವರದ ಫಿಟ್ಸ್ ಬರುತ್ತದೆ. ಹೆಚ್ಚಿನವು 5 ನಿಮಿಷದೊಳಗೇ ಮುಗಿಯುತ್ತವೆ, ಮಗುವಿನ ಬುದ್ಧಿಗೆ ಪೆಟ್ಟಾಗುವುದಿಲ್ಲ. ಮೂವರಲ್ಲಿ ಒಬ್ಬರಿಗೆ ಇನ್ನೊಂದು ಜ್ವರದಲ್ಲಿ ಮರುಕಳಿಸಬಹುದು. ಮನೆಯಲ್ಲಿ ಹಿರಿಯರಿಗೆ ಚಿಕ್ಕಂದಿನಲ್ಲಿ ಬಂದಿದ್ದರೆ ಮಗುವಿಗೂ ಬರುವ ಸಂಭವ ಹೆಚ್ಚು.

ಇದರ ಜೊತೆಗೆ ಊಟದ ತಟ್ಟೆಯ ಕಡೆಗೂ ನೋಡಬೇಕಿದೆ. ಜ್ವರದ ಸೆಳೆತ ಬಂದ ಮಕ್ಕಳಲ್ಲಿ ಕಬ್ಬಿಣಾಂಶದ ಕೊರತೆ ಹೆಚ್ಚಾಗಿ ಕಾಣುತ್ತದೆ ಎಂದು ಭಾರತವೂ ಸೇರಿ ಹಲವು ದೇಶಗಳ ಅಧ್ಯಯನಗಳು ಹೇಳಿವೆ. ಕೊರತೆಯೊಂದೇ ಕಾರಣವೆಂದು ಇದರರ್ಥವಲ್ಲ. ಆದರೆ ಮಿದುಳಿನ ನರಗಳು ಸಂದೇಶ ಸಾಗಿಸಲು ಕಬ್ಬಿಣ ಬೇಕೇ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 5 ವರ್ಷದೊಳಗಿನ ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆಯಿತ್ತು. ಸಂಡೂರಿನ ದೋಣಿಮಲೈ ಗುಡ್ಡದಿಂದ ಕಬ್ಬಿಣದ ಅದಿರು ಹೋಗುವ ಈ ಸೀಮೆಯ ಮಕ್ಕಳೂ ಈ ಲೆಕ್ಕದೊಳಗೇ ಬರುತ್ತಾರೆ.

ಬೆಳಿಗ್ಗೆ ಕೂಸಿಗೆ ಚಹಾದಲ್ಲಿ ಅದ್ದಿದ ಬಿಸ್ಕತ್ತು ತಿನ್ನಿಸುವುದು ಅನೇಕ ಮನೆಗಳ ರೂಢಿ. ಹೊಟ್ಟೆ ತುಂಬಿದಂತೆ ಕಂಡರೂ, ಊಟದಲ್ಲಿನ ಕಬ್ಬಿಣ ಮೈಗೆ ಹತ್ತದಂತೆ ಚಹಾ ತಡೆಯುತ್ತದೆ. ಅದರ ಬದಲು ರಾಗಿ ಅಂಬಲಿ, ಮೊಟ್ಟೆ, ನಾಲ್ಕು ಹನಿ ನಿಂಬೆರಸ ಹಿಂಡಿದ ಸೊಪ್ಪು-ಬೇಳೆ ಕೊಡಬಹುದು. ಆಶಾ ಕಾರ್ಯಕರ್ತೆ ತರುವ ಕಬ್ಬಿಣದ ಸಿರಪ್ಪನ್ನು ವಾರಕ್ಕೆ ಎರಡು ಸಲ, 1 ಮಿಲಿಯಂತೆ ಹಾಕಬೇಕು. ಜ್ವರವಿರುವಾಗ ನಿಲ್ಲಿಸಿ, ಇಳಿದ ಮೇಲೆ ಮುಂದುವರಿಸಬೇಕು.

ಸೆಳೆತ ಬಂದಾಗ ಮಗುವನ್ನು ಮಗ್ಗುಲಾಗಿ ಮಲಗಿಸಿ, ಬಟ್ಟೆ ಸಡಿಲಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ನೀರು, ಬೆರಳು ಏನನ್ನೂ ಹಾಕಬೇಡಿ, ಬರೆ ಎಳೆಯಲೇಬೇಡಿ. 5 ನಿಮಿಷ ದಾಟಿದರೆ, ಒಂದೇ ದಿನ ಮರುಕಳಿಸಿದರೆ, ಮಗು 6 ತಿಂಗಳಿಗಿಂತ ಚಿಕ್ಕದಾಗಿದ್ದರೆ ಅಥವಾ ಮಂಪರು ಇಳಿಯದಿದ್ದರೆ ಕೂಡಲೇ 108ಕ್ಕೆ ಕರೆ ಮಾಡಿ. ಸೆಳೆತ ಬೇಗ ನಿಂತರೂ, ಮೊದಲ ಸಲ ಬಂದ ಮಗುವನ್ನು ಅಂದೇ ವೈದ್ಯರಿಗೆ ತೋರಿಸಿ. ರಕ್ತ ಪರೀಕ್ಷೆಯ ಬಗ್ಗೆಯೂ ಕೇಳಿ.