ಕಾಲಿನ ಕೂಗನ್ನು ಕೇಳಿರಿ

ಮುಪ್ಪಿನಲ್ಲಿ ಕಾಲುನೋವು ಸಹಜವೆಂದು ನಂಬಿ ಸುಮ್ಮನಿರುವುದು ನಮ್ಮ ಜನರಲ್ಲಿ ರೂಢಿಯಾಗಿದೆ. ಆದರೆ ಎಲ್ಲ ಕಾಲುನೋವೂ ವಾತದಿಂದ ಬಂದುದಲ್ಲ. ರಕ್ತವು ಸಾಕಷ್ಟು ತಲಪದೆ ಕಾಲು ಕೂಗಿಕೊಳ್ಳುವುದೂ ಉಂಟು. ಅದನ್ನು ಅಲಕ್ಷಿಸಿ ಕಾಲನ್ನೇ ಕಳೆದುಕೊಂಡವರು ಅನೇಕರು. ದುಡಿಯುವವನ ಕಾಲು ಹೋದರೆ ಸಂಸಾರವೇ ಕುಂಟುವುದು.

ಧಮನಿಗಳ ಒಳಗೋಡೆಯಲ್ಲಿ ಕೊಬ್ಬು ಕೂಡಿ ದಾರಿಯು ಇಕ್ಕಟ್ಟಾಗುವುದೇ ಇದರ ಮುಖ್ಯ ಕಾರಣ. ಮಧುಮೇಹ, ರಕ್ತದ ಒತ್ತಡ, ಹೊಗೆಸೊಪ್ಪು ಇವು ಅದಕ್ಕೆ ನೆರವಾಗುತ್ತವೆ. 1908ರಲ್ಲಿ ನ್ಯೂಯಾರ್ಕಿನ ವೈದ್ಯ ಲಿಯೋ ಬರ್ಗರ್ ವಿವರಿಸಿದ ಮತ್ತೊಂದು ವ್ಯಾಧಿಯು ಹೊಗೆ ಸೇದುವ ತರುಣರನ್ನೇ ಹಿಡಿಯುತ್ತದೆ. ನಮ್ಮ ದೇಶದಲ್ಲಿ ಬೀಡಿ ಸೇದುವವರು ಇದಕ್ಕೆ ತುತ್ತಾಗುತ್ತಿರುವರು. ಬೀಡಿಯನ್ನು ಪೂರ್ಣವಾಗಿ ಬಿಡದೆ ಇದಕ್ಕೆ ಬೇರೆ ಗತಿಯಿಲ್ಲ.

ಲಕ್ಷಣಗಳು ಸ್ಪಷ್ಟವಾಗಿವೆ. ಮೊದಲು ನಡೆದಾಗ ಮೀನಖಂಡವು ಹಿಡಿದುಕೊಂಡು, ನಿಂತರೆ ಬಿಡುವುದು. ಮುಂದೆ ಮಲಗಿದಾಗಲೂ ಪಾದವು ಉರಿದು ನೋಯುವುದು. ರೋಗಿಯು ಕಾಲನ್ನು ಮಂಚದಿಂದ ಇಳಿಬಿಟ್ಟಾಗಲೇ ನೆಮ್ಮದಿ ಕಾಣುವನು. ಪಾದವು ತಣ್ಣಗಾಗುವುದು, ಮೇಲೆತ್ತಿದರೆ ಬಿಳಿಚುವುದು. ಬೆರಳ ಹುಣ್ಣು ಮಾಯದು, ಕೊನೆಗೆ ಕಪ್ಪಾಗುವುದು. ಮಧುಮೇಹಿಗಳಲ್ಲಿ ಸ್ಪರ್ಶಜ್ಞಾನವು ಕುಂದಿರುವುದರಿಂದ ನೋವೇ ಇಲ್ಲದೆಯೂ ಹುಣ್ಣಾದೀತು. ಅವರು ಪ್ರತಿದಿನ ಪಾದವನ್ನು ಪರೀಕ್ಷಿಸಿಕೊಳ್ಳತಕ್ಕದ್ದು.

ಹರಡಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿದಾಗ ಫಲವು 0.9ಕ್ಕಿಂತ ಕಡಮೆಯಾದರೆ ಧಮನಿಯು ಕಿರಿದಾಗಿದೆಯೆಂದೂ, 0.4ಕ್ಕಿಂತ ಕೆಳಗಿಳಿದರೆ ಸ್ಥಿತಿಯು ವಿಷಮವೆಂದೂ ವೈದ್ಯರು ತಿಳಿಯುವರು. ಇದು ನೋವಿಲ್ಲದ ಪರೀಕ್ಷೆ.

ತಣ್ಣಗಿರುವ ಕಾಲಿಗೆ ಬಿಸಿನೀರಿನ ಶಾಖ ಕೊಡಬಾರದು. ಸುಟ್ಟ ಗಾಯವು ಮಾಯದು. ಬರಿಗಾಲಿನಲ್ಲಿ ನಡೆಯುವುದೂ, ಆಣಿಯನ್ನು ಮನೆಯಲ್ಲಿ ಕೊಯ್ಯುವುದೂ ಅಪಾಯಕರ. ಹುಣ್ಣಿಲ್ಲದವರು ವೈದ್ಯರ ಸಲಹೆಯಂತೆ ನೋವು ಬರುವವರೆಗೆ ನಡೆದು, ವಿಶ್ರಮಿಸಿ, ಪುನಃ ನಡೆಯುವುದು ಹಿತಕರ. ಹಠಾತ್ತಾಗಿ ಕಾಲು ಬಿಳಿಚಿ, ತಣ್ಣಗಾಗಿ, ಮರಗಟ್ಟಿದರೆ ಒಂದು ಗಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಸೇರಿಸಬೇಕು. ಕೆಲವೇ ಗಂಟೆಗಳಲ್ಲಿ ಕಾಲು ಕೈತಪ್ಪುವುದು.

ನಿರಾಶೆಗೆ ಕಾರಣವಿಲ್ಲ. 1964ರಲ್ಲಿ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಕಾಲು ಕತ್ತರಿಸಲು ಒಪ್ಪದ 82 ವರ್ಷದ ವೃದ್ಧೆಯ ಇಕ್ಕಟ್ಟಾದ ಧಮನಿಯನ್ನು ಚಾರ್ಲ್ಸ್ ಡಾಟರ್ ಎಂಬ ವೈದ್ಯರು ಸಣ್ಣ ನಳಿಕೆಯಿಂದ ಹಿಗ್ಗಿಸಿದರು. ಆಕೆಯ ಕಾಲು ಉಳಿಯಿತು. ಇಂದು ಆ ಮಾರ್ಗವು ಬಹಳ ಮುಂದುವರಿದಿದೆ. ಆದುದರಿಂದ ಕಾಲು ತೆಗೆಯಬೇಕೆಂಬ ಮಾತು ಬಂದಾಗ, ರಕ್ತದ ದಾರಿಯನ್ನು ತೆರೆಯಲು ಸಾಧ್ಯವೇ ಎಂದು ರಕ್ತನಾಳ ತಜ್ಞರನ್ನು ತಡಮಾಡದೆ ಕೇಳುವುದು ರೋಗಿಯ ಹಕ್ಕು. ಅದಕ್ಕೂ ಮೊದಲೇ, ಹುಣ್ಣು ಕಪ್ಪಾಗುವ ಮುನ್ನವೇ, ವೈದ್ಯರ ಬಾಗಿಲನ್ನು ತಟ್ಟುವುದು ಆತನ ಕರ್ತವ್ಯ.