ಪುಸ್ತಕಭಂಡಾರದ ಸಹಾಯಕರಿಗೆ ಪರಾಮರ್ಶನಶಿಕ್ಷಣ

ಚನ್ನಪಟ್ಟಣಕ್ಕೆ ಸಮೀಪದಲ್ಲಿ, ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಮಾರ್ಗದಲ್ಲಿರುವ ದೊಡ್ಡಮಳೂರು, ಅಪ್ರಮೇಯಸ್ವಾಮಿಯ ದೇವಾಲಯದಿಂದಲೂ ಅಲ್ಲಿಯ ಅಂಬೆಗಾಲು ನವನೀತಕೃಷ್ಣನ ಮೂರ್ತಿಯಿಂದಲೂ ಪ್ರಸಿದ್ಧವಾದ ಗ್ರಾಮ. ಈ ಊರಿನ ಚರಿತ್ರೆಯನ್ನು ತಿಳಿಯಬಯಸಿದ ಉಪಾಧ್ಯಾಯರೊಬ್ಬರು ಪುಸ್ತಕಭಂಡಾರಕ್ಕೆ ಬಂದು, ‘ಮಳೂರಿನ ಶಾಸನಗಳು ಬೇಕಾಗಿವೆ’ ಎಂದು ಕೇಳುವರೆಂದು ಊಹಿಸಬಹುದು. ಆಗ ಮೇಜಿನ ಬಳಿ ಇರುವವನು ಗ್ರಂಥಪಾಲಕನಲ್ಲ. ಪುಸ್ತಕಗಳನ್ನು ತೆಗೆದುಕೊಟ್ಟು ಮರಳಿ ಜೋಡಿಸುವ ಸಹಾಯಕ. ಅವನು ಸದ್ಭಾವದಿಂದಲೇ ‘ಎಪಿಗ್ರಾಫಿಯ ಕರ್ನಾಟಿಕ’ದ 10ನೆಯ ಸಂಪುಟವನ್ನು ತಂದಿಡುತ್ತಾನೆ. ಆದರೆ ಅದು ಕೋಲಾರ ಜಿಲ್ಲೆಯ ಸಂಪುಟ. ಅದರಲ್ಲಿರುವುವು ಮಾಲೂರು ತಾಲ್ಲೂಕಿನ ಶಾಸನಗಳು. ಚಿಹ್ನೆಗಳಿಲ್ಲದ ಇಂಗ್ಲಿಷ್ ಅಕ್ಷರಗಳಲ್ಲಿ ಮಳೂರೂ ಮಾಲೂರೂ ಒಂದೇ ರೂಪವನ್ನು ತಾಳುವುದರಿಂದ ಈ ಭ್ರಾಂತಿ ಸುಲಭವಾಗಿ ಉಂಟಾಗುವುದು. ಅದು ಅಲ್ಲಿಯೇ ನಿವಾರಣೆಯಾಗದಿದ್ದರೆ ಒಂದು ಊರಿನ ದಾನವು ಇನ್ನೊಂದು ಊರಿನ ಚರಿತ್ರೆಗೆ ಸೇರುವುದು. ಒಮ್ಮೆ ಅಚ್ಚಾದ ತಪ್ಪು ಲೇಖನದಿಂದ ಲೇಖನಕ್ಕೆ ಸಾಗುವುದು.

ವಾಚಕರಿಗೆ ಗ್ರಂಥಪಾಲಕರು ಖುದ್ದಾಗಿ ನೆರವಾಗಬೇಕೆಂಬ ವಾದವನ್ನು 1876ರಲ್ಲಿ ಅಮೆರಿಕದ ವೂಸ್ಟರ್ ನಗರದ ಗ್ರಂಥಪಾಲಕ ಸ್ಯಾಮ್ಯುಯೆಲ್ ಗ್ರೀನ್ ಮಂಡಿಸಿದನು. ಬರೋಡಾ ಸಂಸ್ಥಾನದಲ್ಲಿ ಸಯಾಜಿರಾವ್ ಗಾಯಕವಾಡ್ ಮಹಾರಾಜರು ಕರೆಸಿಕೊಂಡ ಬೋರ್ಡನ್ 1911ರಲ್ಲಿ ಶಿಕ್ಷಣದ ತರಗತಿಯನ್ನು ತೆರೆದನು. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ವಾಚಕನ ಕಾಲವನ್ನು ಉಳಿಸಬೇಕೆಂಬುದು. ಅವರಿಂದಲೇ 1962ರಲ್ಲಿ ಬೆಂಗಳೂರಿನಲ್ಲಿ ದಾಖಲೆಶಾಸ್ತ್ರದ ಸಂಶೋಧನೆಗೂ ಶಿಕ್ಷಣಕ್ಕೂ ಒಂದು ಕೇಂದ್ರ ಸ್ಥಾಪಿತವಾಯಿತು. 1965ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಶಾಸನವೂ ಆಯಿತು. ಉನ್ನತ ಶಿಕ್ಷಣಕ್ಕೆ ಹೀಗೆ ಮಾರ್ಗವೇರ್ಪಟ್ಟಿತು. ಆದರೆ ವಾಚಕನಿಗೆ ಮೊದಲು ಎದುರಾಗುವವನು ಬಹುಮಟ್ಟಿಗೆ ಸಹಾಯಕನೇ. ಗ್ರಾಮದ ಸಣ್ಣ ಭಂಡಾರದಲ್ಲಂತೂ ಎಲ್ಲ ಕೆಲಸವೂ ಒಬ್ಬನದೇ. ಅವನಿಗೆ ಕಲಿಸತಕ್ಕ ವಿಷಯಗಳು ಮುಖ್ಯವಾಗಿ ಮೂರು.

ಮೊದಲನೆಯದು, ಉತ್ತರ ಕೊಡುವುದಕ್ಕೆ ಮುಂಚೆ ಪ್ರಶ್ನೆಯನ್ನು ತಿಳಿಯುವುದು. ವಾಚಕನು ತನಗೆ ಬೇಕಾದುದನ್ನು ಸಂಕ್ಷೇಪಿಸಿ ಕೇಳುವುದು ಸ್ವಾಭಾವಿಕ. ‘ತಾವು ಹೇಳುವ ಮಳೂರು ಯಾವ ತಾಲ್ಲೂಕಿನದು?’ ಎಂಬ ಒಂದೇ ಮಾತಿನಿಂದ ಕೋಲಾರದ ಸಂಪುಟ ಬದಿಗೆ ಸರಿಯುತ್ತದೆ. ಚನ್ನಪಟ್ಟಣ ತಾಲ್ಲೂಕೆಂದು ಗೊತ್ತಾದ ಮೇಲೂ ಅಲ್ಲಿ ದೊಡ್ಡಮಳೂರಲ್ಲದೆ ಮಳೂರುಪಟ್ಟಣವೂ ಇರುವುದರಿಂದ ಮತ್ತೊಮ್ಮೆ ಕೇಳುವುದು ಅವಶ್ಯ. ಈ ಪ್ರಶ್ನೆಗಳು ವಿನಯದಿಂದ ಕೂಡಿರತಕ್ಕದ್ದು. ವಾಚಕನಿಗೆ ತನ್ನನ್ನು ಪರೀಕ್ಷಿಸುತ್ತಿರುವರೆಂಬ ಭಾವನೆ ಬರಬಾರದು.

ಎರಡನೆಯದು, ಆಕರಗ್ರಂಥಗಳ ರಚನಾಕ್ರಮದ ಪರಿಚಯ. ಚನ್ನಪಟ್ಟಣದ ಶಾಸನಗಳಿರುವುದು ರೈಸ್ ಸಾಹೇಬರು 1905ರಲ್ಲಿ ಪ್ರಕಟಿಸಿದ 9ನೆಯ ಸಂಪುಟವಾದ ಬೆಂಗಳೂರು ಜಿಲ್ಲೆಯ ಭಾಗದಲ್ಲಿ. ಆ ಪ್ರದೇಶವು 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗೂ 2007ರಲ್ಲಿ ರಾಮನಗರ ಜಿಲ್ಲೆಗೂ ಸೇರಿತು. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಾಯಿತು. ಹಳೆಯ ಸಂಪುಟದಲ್ಲಿ ರಾಮನಗರವು ಕ್ಲೋಸ್‌ಪೇಟೆ, ಕನಕಪುರವು ಕಾನಕಾನಹಳ್ಳಿ. ಇಂದಿನ ಹೆಸರನ್ನು ಮಾತ್ರ ಬಲ್ಲವನು ಗ್ರಂಥ ಕೈಯಲ್ಲಿದ್ದರೂ ‘ಇಲ್ಲ’ ಎಂದು ಹೇಳಿಬಿಡುವ ಸಂಭವವಿದೆ. ಆದುದರಿಂದ ಹಳೆಯ ಮತ್ತು ಹೊಸ ಹೆಸರುಗಳ ಪಟ್ಟಿಯೊಂದು ಮೇಜಿನ ಮೇಲೆ ಸದಾ ಇರಬೇಕು. ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆಗಳಿರುವುದನ್ನೂ, ಕನ್ನಡ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ ಇವು ಸಂಪುಟದ ಬೇರೆ ಬೇರೆ ಭಾಗಗಳಲ್ಲಿರುವುದನ್ನೂ ಸಹಾಯಕನಿಗೆ ಪುಸ್ತಕವನ್ನು ತೆರೆದು ತೋರಿಸಿಯೇ ಕಲಿಸತಕ್ಕದ್ದು.

ಮೂರನೆಯದು, ತನ್ನ ಅಧಿಕಾರದ ಎಲ್ಲೆಯನ್ನು ಅರಿಯುವುದು. ಪುರಂದರದಾಸರು ‘ಜಗದೋದ್ಧಾರನ’ ಎಂಬ ಕೀರ್ತನೆಯನ್ನು ದೊಡ್ಡಮಳೂರಿನ ಕೃಷ್ಣನನ್ನು ಕಂಡು ಹಾಡಿದರೆಂಬುದು ಸ್ಥಳದ ಐತಿಹ್ಯ. ‘ಇದು ನಿಜವೇ?’ ಎಂದು ವಾಚಕನು ಕೇಳಿದರೆ ಹೌದೆನ್ನುವುದೂ ಅಲ್ಲವೆನ್ನುವುದೂ ಸಹಾಯಕನ ಕೆಲಸವಲ್ಲ. ಕೀರ್ತನೆಗಳ ಸಂಗ್ರಹ, ದಾಸರ ಚರಿತ್ರೆ, ಸ್ಥಳದ ವೃತ್ತಾಂತ ಇವುಗಳನ್ನು ಮುಂದಿಟ್ಟು, ಯಾವ ಮಾತು ಯಾವ ಗ್ರಂಥದ್ದೆಂದು ತೋರಿಸಿದರೆ ಅವನ ಕರ್ತವ್ಯ ಮುಗಿಯಿತು; ನಿರ್ಣಯವು ವಾಚಕನದು. ಗೊತ್ತಿಲ್ಲದುದನ್ನು ಊಹಿಸಿ ಹೇಳದೆ, ಪ್ರಶ್ನೆಯನ್ನೂ ನೋಡಿದ ಗ್ರಂಥಗಳನ್ನೂ ದಿನಚರಿಯಲ್ಲಿ ಬರೆದು ಗ್ರಂಥಪಾಲಕರಿಗೆ ಒಪ್ಪಿಸುವುದು ಲೋಪವಲ್ಲ, ಗುಣವೇ ಸರಿ.

ಈ ಶಿಕ್ಷಣಕ್ಕೆ ಆ ದಿನಚರಿಯೇ ಉತ್ತಮವಾದ ಪಠ್ಯಪುಸ್ತಕ. ವಾಚಕರು ಹಿಂದೆ ಕೇಳಿದ ಪ್ರಶ್ನೆಗಳನ್ನು ಹೊಸಬರಿಗೆ ಕೊಟ್ಟು, ಕಪಾಟಿನಿಂದ ಅವರೇ ಉತ್ತರವನ್ನು ಹುಡುಕಿ ತರುವಂತೆ ಮಾಡಿ, ಯಾವ ಹೆಜ್ಜೆಯಲ್ಲಿ ದಾರಿ ತಪ್ಪಿತೆಂದು ಹಿರಿಯರು ತಿದ್ದಿದರೆ ಅಭ್ಯಾಸವು ದೃಢವಾಗುವುದು. ಉತ್ತರವು ಸರಿಯಾಯಿತೇ ಎಂಬುದರ ಜೊತೆಗೆ ಪ್ರಶ್ನೆಯನ್ನು ಸರಿಯಾಗಿ ಗ್ರಹಿಸಿದರೇ ಎಂಬುದನ್ನೂ ಪರೀಕ್ಷಿಸಬೇಕು.

ಶಾಸನದ ಪಾಠವನ್ನು ಎಷ್ಟೇ ಶ್ರಮದಿಂದ ಸಂಪಾದಿಸಿದ್ದರೂ ಬೇಡಿದವನ ಕೈಗೆ ಬೇರೆ ಸಂಪುಟ ಬಂದರೆ ಆ ಶ್ರಮವು ಅವನ ಪಾಲಿಗೆ ಇಲ್ಲದಂತೆಯೇ. ವಿದ್ವಾಂಸನ ಪರಿಶ್ರಮಕ್ಕೂ ವಾಚಕನ ಜಿಜ್ಞಾಸೆಗೂ ನಡುವೆ ನಿಂತಿರುವವನು ಈ ಸಹಾಯಕ. ಅವನ ಶಿಕ್ಷಣವನ್ನು ಅಲ್ಪವಿಷಯವೆಂದು ಎಣಿಸುವುದು ಯುಕ್ತವಲ್ಲ.